ಸಂಪಾದಕಿ ಆಗ್ಲಾ ಬೇಡ್ವಾ ಅಂದವಳಿಗೆ, ಥ್ಯಾಕರೆ ಕಥೆ ಹೇಳ್ತಾ

ಮಾರಾಯ್ತಿ,

ನಿನ್ನ ಮೆಸೇಜು ಬಂದು ವಾರದ ಮೇಲಾಯ್ತು, ಬ್ಲೂ ಟಿಕ್ ನೋಡಿ ಬೈಕೊಂಡಿರ್ತೀಯ. ಓದಿದ ತಕ್ಷಣ ಉತ್ತರ ಕೊಡೋ ಅಂಥ ಪ್ರಶ್ನೆ ಅಲ್ಲ ಅದು, ಜೊತೆಗೆ ಮನೇಲಿ ಅಡಿಕೆ ಸುಲಿಯೋ ಗಲಾಟೆ ಬೇರೆ, ಅದಕ್ಕೇ ಸುಮ್ಮನಿದ್ದೆ. "ಮಾಸಪತ್ರಿಕೆಯವ್ರು ಉಪಸಂಪಾದಕಿ ಕೆಲಸಕ್ಕೆ ಕರೀತಿದ್ದಾರೆ, ಸೇರಿದ್ರೆ ನನ್ನ ಕಾದಂಬರಿ ಸತ್ತೋಗತ್ತಾ ಮೇಷ್ಟ್ರೇ" ಅಂತ ಕೇಳಿದ್ದೀಯ. ಕಾದಂಬರಿ ಸಾಯಲ್ಲ. ಆದ್ರೆ ಆ ಕುರ್ಚಿ ಬೇರೆ ಏನೋ ಒಂದನ್ನ ಮಾಡತ್ತೆ, ಅದನ್ನ ನೇರವಾಗಿ ಹೇಳಿದ್ರೆ ಉಪದೇಶ ಅನ್ಸತ್ತೆ, ನಿಂಗೆ ಉಪದೇಶ ಆಗಲ್ಲ ಅಂತ ಗೊತ್ತು, ಹಾಗಾಗಿ ಒಬ್ಬ ಮನುಷ್ಯನ ಕಥೆ ಹೇಳ್ತೀನಿ, ಟೀ ಮಾಡ್ಕೊಂಡು ಕೂತ್ಕೋ.

ಥ್ಯಾಕರೆ ಅಂದ ಕೂಡ್ಲೆ ನಿಂಗೆ ಕಿತ್ತೂರು ನೆನಪಾಗತ್ತೆ. ಸ್ಕೂಲ್ ನಾಟಕದಲ್ಲಿ ಯಾರಿಗೂ ಬೇಡವಾದ ಪಾರ್ಟು ಅದು, ಮುಖಕ್ಕೆ ಪೌಡ್ರು ಬಳ್ಕೊಂಡು ದರ್ಪ ಮಾಡಿ ಕೊನೇಲಿ ಅಮಟೂರು ಬಾಳಪ್ಪನ ಗುಂಡಿಗೆ ಬೀಳ್ಬೇಕು. 1824ರ ಅಕ್ಟೋಬರ್ 23ಕ್ಕೆ ಕಿತ್ತೂರಲ್ಲಿ ಸತ್ತ ಆ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಇದಾನಲ್ಲ, ನಾನು ಹೇಳಕ್ಕೆ ಹೊರಟಿರೋ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಅವನು ಸ್ವಂತ ಚಿಕ್ಕಪ್ಪ. ಅವರ ಮನೆತನದ ಗಂಡುಮಕ್ಕಳು ಸಾಲಾಗಿ ಕಂಪನಿ ಸರ್ಕಾರದ ಕೆಲಸಕ್ಕೆ ಅಂತ ಇಂಡಿಯಾಕ್ಕೆ ಬಂದು ಒಬ್ಬೊಬ್ಬರೇ ಇಲ್ಲೇ ಮಣ್ಣಾದವ್ರು. ಕಿತ್ತೂರಿನ ಸುದ್ದಿ ಆದಾಗ ನಮ್ಮ ಹುಡುಗನಿಗೆ 13 ವರ್ಷ, ಲಂಡನ್ನಿನ ಚಾರ್ಟರ್‌ಹೌಸ್ ಸ್ಕೂಲಲ್ಲಿ ಏಟು ತಿಂತಿದ್ದ, ಅಲ್ಲೇ ಒಂದು ಜಗಳದಲ್ಲಿ ಮೂಗು ಮುರ್ಕೊಂಡ, ಸಾಯೋವರೆಗೂ ಅದು ಚಪ್ಪಟೆ ಮೂಗೇ. ಮುಂದೆ ವ್ಯಾನಿಟಿ ಫೇರ್ ಕಾದಂಬರೀಲಿ ಜಾಸ್ ಸೆಡ್ಲಿ ಅಂತ ಒಬ್ಬ ದಪ್ಪನೆ ಪುಕ್ಕಲ ಕಲೆಕ್ಟರ್‌ನ ತಂದಿಟ್ಟ, ಬಾಯಲ್ಲಿ ಮಾತ್ರ ಹುಲಿ, ವಾಟರ್‌ಲೂ ಯುದ್ಧದ ಸದ್ದು ಕೇಳಿದ್ದೇ ಓಟ. ಚಿಕ್ಕಪ್ಪನ್ನ ಇಟ್ಕೊಂಡೇ ಬರೆದ ಅಂತ ನಾನು ಹೇಳಲ್ಲ, ಆದ್ರೆ ಮನೆ ತುಂಬ ಕಲೆಕ್ಟರ್‌ಗಳನ್ನ ನೋಡಿದವನ ಕೈ ಅದು.

ಹುಟ್ಟಿದ್ದು ಕಲ್ಕತ್ತಾದಲ್ಲಿ, 1811ರ ಜುಲೈ 18. ಅವನ ಅಮ್ಮನ ಕಥೆ ನಮ್ಮ ಸೀರಿಯಲ್‌ನವ್ರ ಕೈಗೆ ಸಿಕ್ಕಿದ್ರೆ ಎಂಟು ವರ್ಷ ಎಳೀತಾರೆ. ಆಕೆ ಇಂಗ್ಲೆಂಡಲ್ಲಿ ಒಬ್ಬ ಮಿಲಿಟರಿ ಆಫೀಸರ್‌ನ ಇಷ್ಟಪಟ್ಟಿದ್ಲು, ಅಜ್ಜಿಗೆ ಸರಿಹೋಗಲಿಲ್ಲ, ಅವನು ಸತ್ತೋದ ಅಂತ ಸುಳ್ಳು ಹೇಳಿ ಮೊಮ್ಮಗಳನ್ನ ಹಡಗು ಹತ್ತಿಸಿ ಕಲ್ಕತ್ತಾಕ್ಕೆ ಕಳಿಸಿದ್ಲು, ಇಲ್ಲಿ ರಿಚ್‌ಮಂಡ್ ಥ್ಯಾಕರೆ ಅನ್ನೋ ದೊಡ್ಡ ಹುದ್ದೆಯವನ ಜೊತೆ ಮದುವೆ ಆಯ್ತು, ಮಗನೂ ಹುಟ್ಟಿದ, ಆಮೇಲೆ ಒಂದಿನ ಗಂಡ ಯಾರೋ ಹೊಸಬ ಆಫೀಸರ್‌ನ ಊಟಕ್ಕೆ ಕರ್ಕೊಂಡು ಬಂದ್ರೆ, ಅವನೇ ಇವನು! ಗಂಡ 1815ರಲ್ಲಿ ಜ್ವರದಿಂದ ಹೋದ, ಒಂದೆರಡು ವರ್ಷದಲ್ಲಿ ಆಕೆ ಹಳೇ ಪ್ರೇಮಿಯನ್ನ ಮದುವೆ ಆದ್ಲು. ಐದು ವರ್ಷದ ಹುಡುಗನ್ನ ಮಾತ್ರ ಅಮ್ಮ ಜೊತೆಗಿಲ್ದೆ ಇಂಗ್ಲೆಂಡಿಗೆ ಕಳಿಸಿಬಿಟ್ಟಿದ್ರು. ಹಡಗು ಸೇಂಟ್ ಹೆಲೆನಾದಲ್ಲಿ ನಿಂತಾಗ ಆಳು ಅವನನ್ನ ನಡೆಸ್ಕೊಂಡು ಹೋಗಿ ತೋಟದಲ್ಲಿ ಓಡಾಡ್ತಿದ್ದ ಒಬ್ಬನ್ನ ತೋರಿಸಿ, ಅವನೇ ಬೋನಪಾರ್ಟೆ (ಅಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್), ದಿನಾ ಮೂರು ಕುರಿ ತಿಂತಾನೆ, ಸಿಕ್ಕಿದ್ರೆ ಮಕ್ಕಳನ್ನೂ ತಿಂತಾನೆ ಅಂದನಂತೆ. ಇದನ್ನ ಥ್ಯಾಕರೆ ದೊಡ್ಡವನಾದ ಮೇಲೆ ಲೆಕ್ಚರ್‌ನಲ್ಲಿ ಹೇಳ್ತಿದ್ದ. ಮಗು ಎದೆಯೊಳಗಿನ ಭಯ, ಅದರ ಪಕ್ಕದಲ್ಲೇ ಒಂದು ನಗು, ಇಡೀ ಜೀವಮಾನ ಅವನ ವಾಕ್ಯಗಳು ಹಾಗೇ ಇದ್ವು.

ಕೇಂಬ್ರಿಡ್ಜ್‌ಗೆ ಹೋದ, ಡಿಗ್ರಿ ಇಲ್ದೆ ಬಂದ, ಇಸ್ಪೀಟಲ್ಲಿ 1500 ಪೌಂಡ್ ಸಾಲ ಮಾತ್ರ ತಂದ. ಲಾ ಓದಕ್ಕೆ ಶುರುಮಾಡಿ ಬಿಟ್ಟ. ಅಪ್ಪ ಬಿಟ್ಟು ಹೋದ ದುಡ್ಡು 21 ತುಂಬಿದಾಗ ಕೈಗೆ ಬಂತು, ಬಂದಷ್ಟೇ ವೇಗದಲ್ಲಿ ಹೋಯ್ತು, ಅರ್ಧ ಜೂಜು, ಇನ್ನರ್ಧ ಆ ದುಡ್ಡು ಇಟ್ಟಿದ್ದ ಕಲ್ಕತ್ತಾದ ವ್ಯಾಪಾರಿ ಕಂಪನಿಗಳು, ಅಂದ್ರೆ ಏಜೆನ್ಸಿ ಹೌಸ್‌ಗಳು ದಿವಾಳಿ ಎದ್ದಾಗ. ಆ ಮಧ್ಯೆ ಅವನು ಮಾಡಿದ ಕೆಲಸ ನೋಡು, 1833ರಲ್ಲಿ ನ್ಯಾಷನಲ್ ಸ್ಟ್ಯಾಂಡರ್ಡ್ ಅಂತ ಒಂದು ವಾರಪತ್ರಿಕೆಯನ್ನೇ ಕೊಂಡುಕೊಂಡ! ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಲ್ಲಿ ಸಂಪಾದಕ, ಮಾಲೀಕ, ಚಿತ್ರ ಬರೆಯೋನು, ಪ್ಯಾರಿಸ್ ವರದಿಗಾರ, ಎಲ್ಲಾ ತಾನೇ. ಮುಂದಿನ ವರ್ಷದ ಫೆಬ್ರವರಿಗೆ ಪತ್ರಿಕೆ ಮುಚ್ಚಿತು. ನಮ್ಮಲ್ಲೂ ಇಂಥವ್ರು ಎಷ್ಟು ಜನ ಹೇಳು, ಹೆಂಡತಿ ಸರ ಅಡವಿಟ್ಟು ಪತ್ರಿಕೆ ಮಾಡಿ ಮೂರನೇ ಸಂಚಿಕೆಗೆ ಪ್ರೆಸ್‌ನವನ ಕಣ್ಣು ತಪ್ಪಿಸ್ಕೊಂಡು ಓಡಾಡಿದವ್ರು. ನಂಗೂ ಆ ಹುಚ್ಚಿತ್ತು, ಹೆಂಡತಿ ಹತ್ರ ಸರ ಇರಲಿಲ್ಲ ಅಷ್ಟೇ.

ಆಮೇಲೆ ಹೊಟ್ಟೆಪಾಡು. 1836ರಲ್ಲಿ ಕಾದಂಬರಿಕಾರ ಡಿಕನ್ಸ್‌ನ ಪಿಕ್‌ವಿಕ್ ಕಾದಂಬರಿಗೆ ಚಿತ್ರ ಬರೀತಿದ್ದವನು ತೀರಿಕೊಂಡಾಗ ಎರಡು ಮೂರು ಡ್ರಾಯಿಂಗ್ ಕಂಕುಳಲ್ಲಿಟ್ಕೊಂಡು ಕೆಲಸ ಕೇಳಕ್ಕೆ ಹೋದ, ಡಿಕನ್ಸ್‌ಗೆ ಹಿಡಿಸಲಿಲ್ಲ. ಇಬ್ಬರಿಗೂ ವಯಸ್ಸು ಹೆಚ್ಚುಕಮ್ಮಿ ಒಂದೇ, ಒಬ್ಬ ಮೇಜಿನ ಆ ಕಡೆ, ಇನ್ನೊಬ್ಬ ಈ ಕಡೆ. ಅದೇ ವರ್ಷ ಪ್ಯಾರಿಸ್‌ನಲ್ಲಿ ಇಸಬೆಲ್ಲಾ ಶಾ ಅನ್ನೋ ಐರಿಷ್ ಹುಡುಗೀನ ಮದುವೆ ಆದ. ಫ್ರೇಸರ್ಸ್, ಪಂಚ್, ಇನ್ನೂ ಯಾವ್ಯಾವ ಪತ್ರಿಕೆಗೋ ಪುಸ್ತಕ ವಿಮರ್ಶೆ, ಚಿತ್ರಪ್ರದರ್ಶನದ ವರದಿ, ಪ್ರವಾಸ, ಅಣಕ, ಏನು ಕೇಳಿದ್ರೆ ಅದು ಬರೆದ. ಹೆಸರೋ, ಒಂದು ಸಲ ಮೈಕಲ್ ಏಂಜೆಲೋ ಟಿಟ್‌ಮಾರ್ಷ್, ಒಂದು ಸಲ ಯೆಲ್ಲೋಪ್ಲಶ್ ಅನ್ನೋ ಮನೆಯಾಳು, ಒಂದು ಸಲ ಫಿಟ್ಜ್-ಬೂಡಲ್. ನೀನು "ಕಾಲಂ ತುಂಬ್ಸೋ ಬರವಣಿಗೆ ಸಾಹಿತ್ಯ ಅಲ್ಲ" ಅಂತ ಮೂಗು ಮುರೀತೀಯಲ್ಲ, ಈ ಮನುಷ್ಯ ಹತ್ತು ವರ್ಷ ಬರೀ ಅದನ್ನೇ ಮಾಡಿದ, ಆ ಹತ್ತು ವರ್ಷದಲ್ಲೇ ಅವನ ದನಿ ಸಿದ್ಧ ಆಗಿದ್ದು. ಸ್ನಾಬ್ ಅನ್ನೋ ಪದಕ್ಕೆ ಇವತ್ತಿರೋ ಅರ್ಥ, ದೊಡ್ಡವರನ್ನ ಓಲೈಸಿ ಚಿಕ್ಕವರನ್ನ ಕೀಳಾಗಿ ನೋಡೋನು ಅಂತ, ಊರೆಲ್ಲ ಹರಡಿದ್ದು ಪಂಚ್‌ನಲ್ಲಿ ಅವನು ವಾರವಾರ ಬರೆದ ಒಂದು ತಮಾಷೆ ಸರಣಿಯಿಂದ.

ಆ ಹತ್ತು ವರ್ಷದ ಇನ್ನೊಂದು ಮುಖಾನೂ ಹೇಳ್ಬೇಕು. ಎರಡನೇ ಮಗು ಎಂಟು ತಿಂಗಳಿಗೇ ಹೋಯ್ತು. ಮೂರನೇ ಬಾಣಂತನ ಆದ ಮೇಲೆ ಇಸಬೆಲ್ಲಾ ಮಂಕಾದ್ಲು, ಇವನಿಗೆ ಅದು ಏನು ಅಂತ ಅರ್ಥ ಆಗ್ಲಿಲ್ಲ, ದುಡ್ಡು ಬೇಕಿತ್ತು, ಬರೆಯೋ ಕೆಲಸಕ್ಕೆ ಅಂತ ಬೆಲ್ಜಿಯಂಗೆ ಹೋಗಿಬಿಟ್ಟ. ವಾಪಸ್ ಬಂದು ನೋಡಿದ್ರೆ ಹೆಂಡತಿ ಗುರುತು ಸಿಗದ ಹಾಗೆ ಆಗಿದ್ಲು. 1840ರ ಸೆಪ್ಟೆಂಬರ್‌ನಲ್ಲಿ ಅವಳ ತವರು ಕಡೆ ಐರ್ಲೆಂಡಿಗೆ ಹಡಗಲ್ಲಿ ಕರ್ಕೊಂಡು ಹೊರಟಾಗ ಆಕೆ ಸಮುದ್ರಕ್ಕೆ ಹಾರಿದ್ಲು, ತೇಲ್ತಿದ್ದವಳನ್ನ ಹುಡುಕಿ ಎತ್ತಿದ್ರು. ಮತ್ತೆ ಸರಿ ಹೋಗ್ಲೇ ಇಲ್ಲ. ಗಂಡನಿಗಿಂತ ಮೂವತ್ತು ವರ್ಷ ಜಾಸ್ತಿ ಬದುಕಿ 1894ರಲ್ಲಿ ತೀರಿಕೊಂಡ್ಲು, ಬೇರೆಯವರ ಆರೈಕೆಯಲ್ಲಿ. ಇವನು ಎರಡು ಹೆಣ್ಣುಮಕ್ಕಳನ್ನ ಇಟ್ಕೊಂಡು ಹೆಂಡತಿ ಇದ್ದೂ ಇಲ್ಲದವನ ಹಾಗೆ ಉಳಿದ. ಇದು ಗೊತ್ತಿಲ್ದೆ ಲೇಖಕಿ ಷಾರ್ಲೆಟ್ ಬ್ರಾಂಟೆ ತನ್ನ ಕಾದಂಬರಿ ಜೇನ್ ಐರ್‌ನ ಎರಡನೇ ಮುದ್ರಣವನ್ನ ಇವನಿಗೆ ಅರ್ಪಣೆ ಮಾಡಿದ್ಲು, ಹುಚ್ಚು ಹಿಡಿದ ಹೆಂಡತೀನ ಅಟ್ಟದಲ್ಲಿಟ್ಟ ಗಂಡಸಿನ ಕಥೆ ಅದು. ಲಂಡನ್ ಬಾಯಿ ಸುಮ್ಮನಿರತ್ತಾ.

ವ್ಯಾನಿಟಿ ಫೇರ್ ಬಂದಾಗ ಅವನಿಗೆ 35 ದಾಟಿತ್ತು. ಶುರುವಿನ ಭಾಗ ಹಿಡ್ಕೊಂಡು ಪ್ರಕಾಶಕರ ಬಾಗಿಲು ತಿರುಗಿದ್ದ, ಬೇಡ ಅನ್ನಿಸ್ಕೊಂಡಿದ್ದ. ಹೆಸರು ಹೊಳೆದಿದ್ದು ಮಧ್ಯರಾತ್ರಿ, ಹಾಸಿಗೆಯಿಂದ ಹಾರಿ ಎದ್ದು ಆ ಹೆಸರು ಹೇಳ್ಕೊಂಡು ರೂಮನ್ನ ಮೂರು ಸುತ್ತು ಓಡಿದನಂತೆ. 1847ರ ಜನವರಿಯಿಂದ 1848ರ ಜುಲೈವರೆಗೆ ತಿಂಗಳಿಗೊಂದು ಹಳದಿ ರಟ್ಟಿನ ಸಂಚಿಕೆ, 32 ಪುಟ, ಬೆಲೆ ಒಂದು ಶಿಲ್ಲಿಂಗ್, ಚಿತ್ರಾನೂ ಅವನದ್ದೇ. ಕೊನೇ ಗಳಿಗೆವರೆಗೂ ಬರೀತಾ ಇರೋನು, ಪ್ರೆಸ್ಸಿನ ಹುಡುಗ ಹಾಲ್‌ನಲ್ಲಿ ಕಾಯ್ತಾ ಕೂತಿರೋನು. ಮಾರಾಟದಲ್ಲಿ ಡಿಕನ್ಸ್ ಹತ್ರಕ್ಕೂ ಬರಲಿಲ್ಲ, ಆದ್ರೆ ಹೆಸರು ಬಂತು.

ಈಗ ಒಂದು ಮಾತು ನೆನಪಿಟ್ಕೋ, ಮುಂದೆ ಬೇಕಾಗತ್ತೆ. ಇದಾದ ಮೇಲೆ ಬರೆದ ಪೆಂಡೆನಿಸ್ ಕಾದಂಬರಿಗೆ 1850ರಲ್ಲಿ ಒಂದು ಮುನ್ನುಡಿ ಹಾಕಿದ. ಅದರಲ್ಲಿ ಗೊಣಗಾಟ, ಹಳೇ ಕಾದಂಬರಿಕಾರ ಫೀಲ್ಡಿಂಗ್ ಕಾಲ ಹೋದ್ಮೇಲೆ ನಮ್ಮಲ್ಲಿ ಯಾವ ಲೇಖಕನಿಗೂ ಒಬ್ಬ ಗಂಡಸನ್ನ ಇದ್ದಹಾಗೆ ಪೂರ್ತಿ ಬರೆಯೋ ಸ್ವಾತಂತ್ರ್ಯ ಇಲ್ಲ, ಬಟ್ಟೆ ಮುಚ್ಚಿ ನಯವಾಗಿ ತೋರಿಸ್ಬೇಕು, ಸ್ವಲ್ಪ ನಿಜ ಬರೆದಿದ್ದಕ್ಕೇ ಚಂದಾದಾರರು ಬಿಟ್ಟು ಹೋದ್ರು ಅಂತ. ಸರಿಯಾಗೇ ಬೈದಿದ್ದ.

ಹತ್ತು ವರ್ಷ ಆಯ್ತು. ಜಾರ್ಜ್ ಸ್ಮಿತ್ ಅನ್ನೋ ಬುದ್ಧಿವಂತ ಪ್ರಕಾಶಕ, ಲಂಡನ್ನಿನ ಕಾರ್ನ್‌ಹಿಲ್ ಬೀದಿಯಲ್ಲಿ ಆಫೀಸು, ಹೊಸ ಮಾಸಪತ್ರಿಕೆ ಮಾಡ್ತೀನಿ ಬಾ ಅಂತ ಕರೆದ, ಸಂಪಾದಕನಿಗೆ ವರ್ಷಕ್ಕೆ 1000 ಪೌಂಡ್. ಬೀದಿ ಹೆಸರನ್ನೇ ಇಟ್ಕೊಂಡು ಕಾರ್ನ್‌ಹಿಲ್ ಮ್ಯಾಗಜೀನ್ 1860ರ ಜನವರಿಗೆ ಹೊರಬಂತು, ಒಂದು ಶಿಲ್ಲಿಂಗ್‌ಗೆ ಎರಡೆರಡು ಧಾರಾವಾಹಿ. ಮೊದಲ ಸಂಚಿಕೆ ಲಕ್ಷ ದಾಟ್ತು, ಸುಮಾರು 1,10,000 ಪ್ರತಿ. ಸ್ಮಿತ್ ಸಂಬಳ ಡಬಲ್ ಮಾಡಿದ. ಥ್ಯಾಕರೆಗೆ ಲಂಡನ್ ಸಾಲದಾಗಿ ಪ್ಯಾರಿಸ್‌ಗೆ ಓಡಿದ, ಒಡವೆ ಅಂಗಡಿ ಮುಂದೆ ನಿಂತು ಒಳಗೆ ನುಗ್ಗಿ ಎಲ್ಲಾ ಕೊಂಡುಬಿಡಲಾ ಅಂತಿದ್ದನಂತೆ, ರಾತ್ರಿ ಚಂದಾದಾರರ ಲೆಕ್ಕ ಹಾಕ್ತಾ ನಿದ್ದೆ ಇಲ್ಲ.

ಮೊದಲ ಸಂಚಿಕೆಯ ಮೊದಲ ಪುಟ ಯಾರಿಗೆ ಕೊಟ್ಟ ಗೊತ್ತಾ? ತನಗಲ್ಲ. ಅವನ ದೊಡ್ಡ ಕಾದಂಬರಿ ರೆಡಿ ಇರಲಿಲ್ಲ (ಎಂದಿನ ಸೋಮಾರಿತನ), ಹಾಗಾಗಿ ಕೊನೇ ಗಳಿಗೇಲಿ ಪೋಸ್ಟಾಫೀಸ್ ಕೆಲಸದಲ್ಲಿದ್ದ ಕಾದಂಬರಿಕಾರ ಆಂಥನಿ ಟ್ರಾಲೋಪ್ ಹತ್ರ 1000 ಪೌಂಡಿಗೆ ಫ್ರಾಮ್ಲಿ ಪಾರ್ಸನೇಜ್ ಅನ್ನೋ ಕಾದಂಬರಿ ಬರೆಸಿ ಅದನ್ನ ಮುಂದೆ ಹಾಕಿ, ತನ್ನ ಸಣ್ಣ ಕಾದಂಬರೀನ ಹಿಂದೆ ಇಟ್ಟ. ಮನೆಯವರು ಕೊನೇ ಪಂಕ್ತಿ ಅಂತೀವಲ್ಲ, ಹಾಗೆ. ಆ ಹಿಂದಿನ ಪಂಕ್ತಿಯ ಕಾದಂಬರೀಲಿ, ಲವೆಲ್ ದ ವಿಡೋಯರ್ ಅಂತ, ಹರೆಯದಲ್ಲಿ ಯಾರದೋ ಮಾತು ನಂಬಿ ಪತ್ರಿಕೆ ಕೊಂಡು ಕೈ ಸುಟ್ಕೊಂಡವನೊಬ್ಬ ಬರ್ತಾನೆ. ಯಾರು ಅಂತ ಹೇಳ್ಬೇಕಿಲ್ಲ.

ಆರು ತಿಂಗಳು ಕಳೀತಿದ್ದ ಹಾಗೆ, 1860ರ ಜುಲೈನಲ್ಲಿ, ಸಂಪಾದಕನ ಮೆತ್ತನೆ ಕುರ್ಚೀಲಿ ಎಷ್ಟು ಮುಳ್ಳಿದೆ ಅಂತ ತನ್ನ ಕಾಲಂನಲ್ಲೇ ತೋಡ್ಕೊಂಡ. ಬೈದು ಬರೆದ ಪತ್ರ ಚುಚ್ಚಲ್ಲ, ಅದು ಅಭ್ಯಾಸ ಆಗತ್ತೆ. ಚುಚ್ಚೋದು ಬೇರೆ ಥರದ್ದು, ಬಡ ಟೀಚರಮ್ಮ, ಕಾಯಿಲೆ ಬಿದ್ದ ತಾಯಿ, ಸಾಕ್ಬೇಕಾದ ತಮ್ಮ ತಂಗಿಯರು, ಕೆಳಗೆ ಒಂದು ಪದ್ಯ, ನೀವು ಮನಸ್ಸು ಮಾಡಿದ್ರೆ ನಾವು ಬದುಕ್ತೀವಿ. ಪದ್ಯ ಮಾತ್ರ ಚೆನ್ನಾಗಿರಲ್ಲ! ನೀನು ಸೇರಿದ ಮೂರನೇ ವಾರಕ್ಕೆ ನಿಂಗೂ ಇದು ಬರತ್ತೆ, ಇಮೇಲಲ್ಲಿ ಬರತ್ತೆ, ಆಮೇಲೆ ಹೆಂಗೋ ನಿನ್ನ ನಂಬರ್ ಹುಡುಕಿ ರಾತ್ರಿ ಹತ್ತಕ್ಕೆ ಫೋನೂ ಬರತ್ತೆ. ಥ್ಯಾಕರೆ ಕೈಮುಗಿದು ಕೇಳ್ಕೊಂಡಿದ್ದ, ಬರಹ ಮನೆಗೆ ಕಳಿಸಬೇಡಿ ಮಾರಾಯ್ರೇ, ಆಫೀಸಿಗೆ ಕಳಿಸಿ ಅಂತ. ನೀನೂ ಮೊದಲ ದಿನಾನೇ ಅದನ್ನ ಮಾಡು.

ಆದ್ರೆ ನಾನು ಇಷ್ಟುದ್ದ ಬರೆಯಕ್ಕೆ ಕೂತಿದ್ದು ಈ ಮುಳ್ಳಿಗಲ್ಲ. 1861ರಲ್ಲಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಒಂದು ಪದ್ಯ ಕಳಿಸಿದ್ಲು. ಆಗಿನ ಕಾಲಕ್ಕೆ ಆಕೆ ಎಷ್ಟು ದೊಡ್ಡ ಕವಿ ಅಂದ್ರೆ, ಪತ್ರಿಕೆಯವ್ರು ಬಾಗಿಲಲ್ಲಿ ನಿಂತು ಕಾಯ್ಬೇಕು. ಪದ್ಯದಲ್ಲಿ ಒಬ್ಬ ಗಂಡಸು ಸ್ನೇಹಿತನ ಹೆಂಡತಿ ಹಿಂದೆ ಸುತ್ತುತಾನೆ, ಆಕೆ ಅವನ ಆಟವನ್ನ ಅವನ ಮುಖಕ್ಕೇ ಹಿಡಿದು ನಾಚಿಕೆ ಆಗೋ ಹಾಗೆ ಮಾಡ್ತಾಳೆ, ಅಷ್ಟೇ, ಬಹಳ ಮರ್ಯಾದಸ್ಥ ಪದ್ಯ. ಥ್ಯಾಕರೆ ಹಾಕಲಿಲ್ಲ. ಹಾಕಲ್ಲ ಅಂತ ಹೇಳಕ್ಕೂ ಧೈರ್ಯ ಇಲ್ದೆ ಎಷ್ಟೋ ದಿನ ತಳ್ಳಿ, ಕೊನೆಗೆ ಒಂದು ಪತ್ರ ಬರೆದ, ಕೀಳಿಸಲೇಬೇಕಾದ ಹಲ್ಲಿಟ್ಕೊಂಡು ತಿಂಗಳುಗಟ್ಲೆ ಡೆಂಟಿಸ್ಟ್ ಕಡೆ ಹೋಗದೆ ಇರೋನ ಥರ ಆಗಿದೆ ನನ್ನ ಪಾಡು ಅಂತ ಶುರು, ಆಮೇಲೆ ನಿಮ್ಮ ಪದ್ಯ ಶುದ್ಧವಾಗೇ ಇದೆ, ಆದ್ರೆ ನಮ್ಮದು ಹೆಂಗಸರು ಮಕ್ಕಳು ಓದೋ ಪತ್ರಿಕೆ, ಓದುಗರು ಗಲಾಟೆ ಮಾಡ್ತಾರೆ ಅಂತ. ಯಾರು ಬರೆದಿದ್ದು ಇದನ್ನ? ಪೆಂಡೆನಿಸ್ ಮುನ್ನುಡಿ ಬರೆದ ಅದೇ ಕೈ! ಆಕೆ ಸಿಟ್ಟಾಗದೆ ಉತ್ತರ ಕೊಟ್ಲು, ಸಮಾಜದ ಕೊಳೆಗೆ ಬಾಗಿಲು ಮುಚ್ಚಿದ್ರೆ ಆಗಲ್ಲ, ಗಾಳಿ ಬೆಳಕು ಬೇಕು ಅನ್ನೋದು ನನ್ನ ನಂಬಿಕೆ ಅಂತ ಹೇಳಿ, ಜೊತೆಗೆ ಇನ್ನೊಂದು ಪದ್ಯಾನೂ ಇಟ್ಲು. ಅದೇ ಜೂನ್‌ನಲ್ಲಿ ಫ್ಲಾರೆನ್ಸಲ್ಲಿ ತೀರಿಕೊಂಡ್ಲು.

ಟ್ರಾಲೋಪ್‌ನ ಒಂದು ಕಥೇನೂ ಇದೇ ಕಾರಣಕ್ಕೆ ವಾಪಸ್ ಹೋಯ್ತು. ಅದಕ್ಕೂ ಮೊದಲು, 1860ರಲ್ಲೇ, ಜಾನ್ ರಸ್ಕಿನ್ ಅನ್ನೋ ಚಿಂತಕ ಇದೇ ಪತ್ರಿಕೇಲಿ ದುಡ್ಡು ದುಡಿಮೆ ಬಗ್ಗೆ ಲೇಖನಮಾಲೆ ಶುರು ಮಾಡಿದ್ದ, ಬಡವನ ಕೂಲಿ ಬರೀ ಮಾರ್ಕೆಟ್ ಲೆಕ್ಕ ಅಲ್ಲ ಅಂತ. ಓದುಗರು ಕೆರಳಿದ್ರು, ನಾಲ್ಕು ಕಂತಿಗೆ ನಿಲ್ಲಿಸಿಬಿಟ್ರು. ಆ ನಾಲ್ಕೇ ಕಂತು ಸೇರಿ ಅನ್‌ಟು ದಿಸ್ ಲಾಸ್ಟ್ ಅನ್ನೋ ಪುಸ್ತಕ ಆಯ್ತು, 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೊರಟ ಗಾಂಧಿ ಕೈಗೆ ಅದು ಸಿಕ್ತು, ರಾತ್ರಿಯೆಲ್ಲ ರೈಲಲ್ಲಿ ನಿದ್ದೆ ಮಾಡಲಿಲ್ಲ ಅವ್ರು, ಆಮೇಲೆ ಸರ್ವೋದಯ ಅಂತ ಗುಜರಾತಿಗೆ ತಂದ್ರು. ಚಂದಾದಾರರ ಹೆದರಿಕೆಗೆ ನಿಲ್ಲಿಸಿದ ಲೇಖನ ಕಣೇ ಅದು. ಥ್ಯಾಕರೆ ಬಿಟ್ಟ ಮೇಲೂ ಆ ಕುರ್ಚಿ ಬದಲಾಗ್ಲಿಲ್ಲ. 1871ಕ್ಕೆ ಅಲ್ಲಿ ಕೂತಿದ್ದು ಅವನ ಅಳಿಯ ಲೆಸ್ಲಿ ಸ್ಟೀಫನ್, ದೇವರನ್ನೇ ನಂಬದ ಧೈರ್ಯಸ್ಥ, ಅವನೇ 1874ರಲ್ಲಿ ಅಲ್ಲಿ ಧಾರಾವಾಹಿ ಬರೀತಿದ್ದ ಕಾದಂಬರಿಕಾರ ಥಾಮಸ್ ಹಾರ್ಡಿಗೆ, ಕಥೇಲಿ ಬರೋ ಆ ಕೆಲಸದ ಹುಡುಗಿ ಮೋಸಹೋದ ಪ್ರಸಂಗ ಸ್ವಲ್ಪ ಜೋಪಾನವಾಗಿ ಬರಿ ಮಾರಾಯ ಅಂದ.

ನಾನು ಅವರನ್ನ ಬೈಯಲ್ಲ, ಬೈಯೋ ಯೋಗ್ಯತೆ ಇಲ್ಲ. ಒಂದು ವಾರಪತ್ರಿಕೇಲಿ ನಾಲ್ಕು ವರ್ಷ ಕಥಾ ವಿಭಾಗ ನೋಡ್ಕೊಂಡಿದ್ದೆ ಅಂತ ನಿಂಗೊತ್ತಲ್ಲ. ಆಗ ಒಂದು ಕಥೆ ಬಂತು, ಇನ್‌ಲ್ಯಾಂಡ್ ಲೆಟರ್ ಥರದ ತೆಳು ಕಾಗದದ ಎರಡೂ ಕಡೆ ಬರೆದದ್ದು, ಹೆಂಗಸಿನ ಅಕ್ಷರ. ಹೊಲಿಗೆ ಮಿಷನ್ ಇಟ್ಕೊಂಡ ಒಬ್ಬಳು, ಗಂಡನ ಸ್ನೇಹಿತ ಮಳೇಲಿ ನೆಂದು ಬರ್ತಾನೆ, ಒಣ ಟವೆಲ್ ಕೊಡ್ತಾಳೆ, ಮಿಷನ್ ತುಳಿಯೋದನ್ನ ನಿಲ್ಲಿಸದೇ ಅವನ ಜೊತೆ ಮಾತಾಡ್ತಾಳೆ. ಇಡೀ ಕಥೆಯಲ್ಲಿ ಏನೂ ಆಗಲ್ಲ, ಆದ್ರೆ ಓದ್ತಾ ಕೈ ಬೆವರ್ತಿತ್ತು ನಂಗೆ. ಹಿಂದಿನ ತಿಂಗಳಷ್ಟೇ ಒಂದು ಕಥೆಗೆ ಸಂಸ್ಕೃತಿ ಹಾಳಾಯ್ತು ಅಂತ ಕಾರ್ಡುಗಳು ಬಂದಿದ್ವು, ಮೇಲಿನವರು ಕರೆದು ನೋಡ್ಕೊಂಡು ಹಾಕಿ ಅಂದಿದ್ರು. ನಾನು ಅಚ್ಚು ಹಾಕಿಸಿಟ್ಟ ವಿಷಾದಪೂರ್ವಕ ಚೀಟಿ ಸೇರಿಸಿ ವಾಪಸ್ ಹಾಕಿದೆ, ಸ್ವವಿಳಾಸದ ಲಕೋಟೆ ಅವಳೇ ಇಟ್ಟಿದ್ಲು. ಮತ್ತೆ ಆ ಅಕ್ಷರದಲ್ಲಿ ಏನೂ ಬರಲಿಲ್ಲ. ಥ್ಯಾಕರೆಗೆ ಹಲ್ಲಿನ ಕಥೆ ಹೇಳೋಷ್ಟಾದ್ರೂ ಮರ್ಯಾದೆ ಇತ್ತು, ತನ್ನ ಹೆದರಿಕೇನ ತನ್ನ ಹೆಸರಲ್ಲೇ ಬರೆದ. ನಾನು ಚೀಟಿ ಹಿಂದೆ ಅಡಗಿಕೊಂಡೆ.

ಅದಕ್ಕೇ ಹೇಳ್ತಿರೋದು, ಸೇರು, ಖಂಡಿತ ಸೇರು, ಬೇರೆಯವರ ಹಸ್ತಪ್ರತಿ ತಿದ್ದಿದ್ರೆ ನಿನ್ನ ವಾಕ್ಯ ಹರಿತ ಆಗತ್ತೆ, ಬಾಡಿಗೆಗೂ ಆಗತ್ತೆ. ಆದ್ರೆ ಒಂದು ನೋಟ್‌ಬುಕ್ ಇಡು, ಚೆನ್ನಾಗಿಲ್ಲ ಅಂತ ವಾಪಸ್ ಕಳಿಸಿದ್ದನ್ನ ಅದರಲ್ಲಿ ಬರೀಬೇಡ, ಹೆದರಿ ವಾಪಸ್ ಕಳಿಸಿದ್ದನ್ನ ಮಾತ್ರ ಬರಿ, ಯಾರಿಗೆ ಹೆದರಿದೆ ಅನ್ನೋದನ್ನೂ ಬರಿ. ಅಂಥವರಿಗೆ ಚೀಟಿ ಬೇಡ, ಕೈಬರಹದಲ್ಲಿ ನಿಜವಾದ ಕಾರಣ ಹೇಳು. ಆ ನೋಟ್‌ಬುಕ್ಕಲ್ಲಿ ಪುಟ ಬೇಗ ಬೇಗ ತುಂಬ್ತಿದೆ ಅಂದ್ರೆ ರಾಜೀನಾಮೆ ಬರೆಯೋ ಟೈಮು. ಥ್ಯಾಕರೆ ಎರಡು ವರ್ಷ ಚಿಲ್ಲರೆಗೆ, 1862ರ ಮಾರ್ಚಲ್ಲಿ ಬಿಟ್ಟ. ಸಂಪಾದಕನಾಗಿ ಅವನು ಅಂಥಾ ದೊಡ್ಡವನಲ್ಲ, ಅವನನ್ನ ಪ್ರಾಣದಷ್ಟು ಪ್ರೀತಿಸ್ತಿದ್ದ ಟ್ರಾಲೋಪೇ ಆ ಮಾತು ಬರೆದಿದ್ದಾನೆ. ಬಿಟ್ಟ ಮೇಲೂ ರೌಂಡಬೌಟ್ ಪೇಪರ್ಸ್ ಅನ್ನೋ ಕಾಲಂ ಮಾತ್ರ ಬಿಡಲಿಲ್ಲ, ಮನೆಯಂಗಳದಲ್ಲಿ ಕೂತು ಹರಟಿದ ಹಾಗಿರೋ ಬರಹ, ಅವನ ಕಾದಂಬರಿ ಓದಕ್ಕೆ ಬೇಜಾರಾದ್ರೆ ಇದನ್ನಾದ್ರೂ ಓದು, ನಂಗೆ ಇದೇ ಇಷ್ಟ. ಮಗಳು ಆ್ಯನಿಯ ಮೊದಲ ಲೇಖನ ಅವನು ಸಂಪಾದಕನಾಗಿದ್ದಾಗಲೇ ಅದೇ ಪತ್ರಿಕೇಲಿ ಬಂತು, ಇದನ್ನ ನೆಪೋಟಿಸಂ ಅಂತಾನಾದ್ರೂ ಅನ್ನು, ಆಕೆ ಮುಂದೆ ಒಳ್ಳೇ ಲೇಖಕಿ ಆದ್ಲು.

ಕೆನ್ಸಿಂಗ್ಟನ್‌ನಲ್ಲಿ ಆಸೆಪಟ್ಟು ಕೆಂಪು ಇಟ್ಟಿಗೆ ಮನೆ ಕಟ್ಟಿಸಿದ್ದ. ಡಿಕನ್ಸ್ ಜೊತೆ ಒಂದು ಕ್ಲಬ್ ಜಗಳದಲ್ಲಿ ಐದು ವರ್ಷ ಮಾತು ಬಿಟ್ಟಿದ್ದವನು, 1863ರ ಕೊನೇಲಿ ಇನ್ನೊಂದು ಕ್ಲಬ್ಬಿನ ಮೆಟ್ಟಿಲ ಹತ್ರ ತಾನೇ ಹೋಗಿ ಕೈ ಹಿಡಿದ. ಕೆಲವೇ ದಿನ, ಡಿಸೆಂಬರ್ 24ರ ಬೆಳಗ್ಗೆ ಹಾಸಿಗೇಲಿ ಸತ್ತಿದ್ದ, ಇನ್ನೂ 52. ಬರೀತಿದ್ದ ಕಾದಂಬರಿ ಡೆನಿಸ್ ಡುವಲ್ ಅರ್ಧಕ್ಕೇ ನಿಂತಿತ್ತು, ಹಾಗೇ ಕಾರ್ನ್‌ಹಿಲ್‌ನಲ್ಲಿ ಅಚ್ಚಾಯ್ತು. ಅವನ ಬಗ್ಗೆ ಅದೇ ಪತ್ರಿಕೇಲಿ ಶ್ರದ್ಧಾಂಜಲಿ ಬರೆದದ್ದು ಡಿಕನ್ಸ್.

ನಿನ್ನ ಕಾದಂಬರಿ ಅರ್ಧಕ್ಕೆ ನಿಲ್ಲೋದು ಬೇಡ. ಬೆಳಗ್ಗೆ ಆಫೀಸಿಗೆ ಹೋಗೋಕೆ ಮುಂಚೆ ಒಂದು ಗಂಟೆ ಅದಕ್ಕೆ, ಮೆಟ್ರೋದಲ್ಲಿ ಕೂತು ಬರೀತೀನಿ ಅನ್ನೋದೆಲ್ಲ ಬೊಗಳೆ. ನಾಲ್ಕನೇ ಅಧ್ಯಾಯ ನೀನು ಬೇಕಂತಲೇ ಕಳಿಸಿಲ್ಲ ಅಂತ ನಂಗೆ ಗೊತ್ತು, ಅತ್ತೆ ಪಾತ್ರದ್ದು ತಾನೇ, ಮನೇಲಿ ಓದಿಬಿಡ್ತಾರೆ ಅಂತ ಹೆದರಿಕೆ, ಕಳಿಸು.

ಇನ್ನೊಂದು. ಹೊಲಿಗೆ ಮಿಷನ್, ಮಳೆ, ಒಣ ಟವೆಲ್ಲು, ಇಂಥದ್ದೊಂದು ಕಥೆ ನಿನ್ನ ಟೇಬಲ್ಲಿಗೆ ಯಾವತ್ತಾದ್ರೂ ಬಂದ್ರೆ, ಎಷ್ಟು ಹೊತ್ತಾಗಿರ್ಲಿ, ನಂಗೊಂದು ಫೋನ್ ಮಾಡು.

ನಿನ್ನ
ಮೇಷ್ಟ್ರು